ಕಾರ್ಖಾನೆಯ ಉಪ್ಪು

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಮ್ಮನಿಗೆ,

ನಿನ್ನ ಮುಂಗೋಪಿ ಮಗಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ ಅಂತ ಬರೆದೇ ಪತ್ರ ಶುರು ಮಾಡಬೇಕು ಎಂದು ಕಲಿಸಿದವಳು ನೀನು, ಅದಕ್ಕೇ ಬರೆದಿದ್ದೇನೆ. ಅಕ್ಷರ ಸೊಟ್ಟಪಟ್ಟಗಿವೆ, ಬೈಯಬೇಡ. ಬಲಗೈಯ ಎರಡು ಬೆರಳು ಊದಿಕೊಂಡಿವೆ. ಫೋನು ಮಾಡೋಣವೆಂದರೆ ನಿಮ್ಮ ಮನೆಯ ಫೋನು ಅಪ್ಪನ ಜೇಬು ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾಗಿ ನಿಮ್ಮ ಎದುರು ಮನೆಯ ದರ್ಜಿ ಅಕ್ಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ, ಕೂತುಕೊಂಡು ಓದು.

ಎರಡು ತಿಂಗಳ ಹಿಂದೆ ಮಣಿಕಟ್ಟು ಸುಟ್ಟುಕೊಂಡು ನಿನ್ನ ಮನೆಗೆ ಓಡಿ ಬಂದಿದ್ದೆನಲ್ಲ, ಆಗ ನೀನು ಎರಡು ದಿನ ಮುಲಾಮು ಹಚ್ಚಿ, ಮೂರನೇ ದಿನ ಬಸ್ಸು ಹತ್ತಿಸಿದೆ. ಕುದಿಯುವ ಪಾತ್ರೆಯ ಮುಚ್ಚಳವನ್ನು ನಾನೇ ಕೈಮೇಲೆ ಬೀಳಿಸಿಕೊಂಡೆ ಎಂದು ಅಪ್ಪನ ಎದುರು ಹೇಳಿದ್ದು ಸುಳ್ಳು ಅಂತ ನಿನಗೆ ಗೊತ್ತಿತ್ತು. ನಿನ್ನ ಅಳಿಯಂದಿರು ಅದನ್ನು ನನ್ನ ಮುಖಕ್ಕೆ ಬೀಸಿದ್ದರು, ನಾನು ಕೈ ಅಡ್ಡ ಹಿಡಿದಿದ್ದೆ. ಬಸ್ಸಿನ ಕಿಟಕಿಯ ಹತ್ತಿರ ನಿಂತು ನೀನು ಏನು ಹೇಳಿದೆ, ನೆನಪಿದೆಯಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ, ನಿನ್ನ ಕೈಗೆ ಉಪ್ಪಿನ ಅಳತೆ ಗೊತ್ತಿಲ್ಲ, ದಣಿದು ಬಂದೋನಿಗೆ ಬಾಯಿಗೆ ರುಚಿಯಾಗಿ ಎರಡು ತುತ್ತು ಹಾಕು, ಅವನ್ಯಾಕೆ ಹೊಡೀತಾನೆ ಅಂದೆ. ನಾನು ರೇಗಿದೆ. ಆಗ ನೀನು ದನಿ ತಗ್ಗಿಸಿ ಇನ್ನೊಂದು ಮಾತು ಅಂದೆ: ತಪ್ಪು ನಿಂದಲ್ಲ ಅಂತ ಒಂದೇ ಒಂದು ಸಲ ನಂಗೆ ತೋರಿಸು, ನಾನೇ ಬಾಗಿಲು ತೆಗೀತೀನಿ, ನಿಮ್ಮಪ್ಪ ಏನಾದರೂ ಅಂದುಕೊಳ್ಳಲಿ.

ಆ ಮಾತನ್ನು ನಾನು ಗಂಟು ಹಾಕಿಕೊಂಡೆ. ತೋರಿಸುವುದು ಹೇಗೆ ಅನ್ನುವುದೇ ಸಮಸ್ಯೆಯಾಗಿತ್ತು. ನಮ್ಮ ಮನೆಯಲ್ಲಿ ಜಗಳ ಉಂಡ ಮೇಲೆ ಮುಗಿಯುವುದಲ್ಲ, ಉಣ್ಣುವಾಗಲೇ ಶುರುವಾಗುವುದು. ಒಂದು ದಿನ ಉಪ್ಪು ಜಾಸ್ತಿ, ಇನ್ನೊಂದು ದಿನ ಸಪ್ಪೆ, ಮತ್ತೊಂದು ದಿನ ಆರಿಹೋಗಿದೆ. ಆರು ವರ್ಷದಲ್ಲಿ ನನಗೇ ಅನುಮಾನ ಹತ್ತಿಬಿಟ್ಟಿತ್ತು, ನನ್ನ ಕೈಯಲ್ಲೇ ಏನೋ ಐಬಿರಬೇಕು ಅಂತ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕನ್ನಡಕದ ಅಂಗಡಿಯಲ್ಲಿ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತಾ, ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಅಂತ ದಿನವಿಡೀ ಕೇಳುವುದು. ನಮ್ಮ ಯಜಮಾನಿ ಮೊದಲ ದಿನವೇ ಹೇಳಿಕೊಟ್ಟಿದ್ದರು, ಒಂದು ಸಲಕ್ಕೆ ಒಂದೇ ಗಾಜು ಬದಲಿಸಬೇಕು, ಎರಡನ್ನೂ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತು ಅಂತ ಯಾವತ್ತೂ ಗೊತ್ತಾಗಲ್ಲ. ಹೋದ ವಾರ ಅಂಗಡಿಯ ಹುಡುಗಿಯರು ಪಂಥ ಕಟ್ಟಿದರು: ಏಳು ದಿನ ಮೂರು ಹೊತ್ತೂ ಬರೀ ಡಯಟ್ ಡಬ್ಬಿ. ಅದೇ, ಕಾರ್ಖಾನೆಯಲ್ಲೇ ಬೇಯಿಸಿ ತುಂಬಿದ ಊಟ, ಫ್ರೀಜರಿನಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದಲ್ಲ, ಮೇಲಿನ ಪ್ಲಾಸ್ಟಿಕ್ ಹಾಳೆಗೆ ಫೋರ್ಕಿನಿಂದ ಚುಚ್ಚಿ ಮೈಕ್ರೋವೇವಿನಲ್ಲಿ ಐದು ನಿಮಿಷ ಇಟ್ಟರೆ ಮುಗಿಯಿತು. ಉಪ್ಪು ಒಂದೂಕಾಲು ಗ್ರಾಂ ಅಂತ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಅವರೆಲ್ಲ ಸೊಂಟ ಇಳಿಸಲು ಸೇರಿದರು. ನಾನು ನನ್ನ ಕೈಯನ್ನು ಅಡುಗೆಯಿಂದ ತೆಗೆದು ನೋಡಲು ಸೇರಿದೆ.

ಇವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹೊಟ್ಟೆ ಇಳಿಸಿ ಎಂದು ಡಾಕ್ಟರು ಇವರಿಗೆ ಹೇಳಿ ವರ್ಷವಾಗಿತ್ತು. ನಾವಿಬ್ಬರೂ ಸೇರಿಯೇ ಮಾಡೋಣ, ನೋಡೋಣ ಯಾರು ಮೊದಲು ಸೋಲ್ತಾರೆ ಅಂತ ನಕ್ಕರು. ಫ್ರಿಜ್ಜಿನ ಬಾಗಿಲಿಗೆ ತಾವೇ ಒಂದು ಕಾಗದ ಅಂಟಿಸಿ ಏಳು ಚೌಕ ಬರೆದರು.

ಸೋಮವಾರ, ಮಂಗಳವಾರ ಮನೆ ತಣ್ಣಗಿತ್ತು, ಅಮ್ಮ. ಡಬ್ಬಿ ಬಾಯಿಗಿಟ್ಟರೆ ಒದ್ದೆ ರಟ್ಟು ತಿಂದ ಹಾಗಿತ್ತು, ಆದರೂ ಇವರು ತುಟಿಪಿಟಕ್ಕೆನ್ನದೆ ತಿಂದರು. ಮಂಗಳವಾರ ಸಂಜೆ ಫೋರ್ಕು ಕೂಡ ತಾವೇ ತೊಳೆದಿಟ್ಟರು. ನನಗೆ ಎಷ್ಟು ಅವಮಾನವಾಯಿತು ಗೊತ್ತಾ? ಅಮ್ಮ ಹೇಳಿದ್ದೇ ನಿಜ, ಆರು ವರ್ಷ ಸುಮ್ಮನೆ ಅತ್ತೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಗಂಡನನ್ನು ದೂರಿದೆ ಅಂತ ಅನ್ನಿಸಿತು. ನಿನ್ನಲ್ಲಿ ಕ್ಷಮೆ ಕೇಳಿ ಒಂದು ಪತ್ರವನ್ನೂ ಬರೆದಿದ್ದೆ. ಅದನ್ನು ಆಮೇಲೆ ಹರಿದು ಹಾಕಿದೆ.

ಬುಧವಾರ ಇವರ ಡಬ್ಬಿಯ ನಡುಭಾಗ ಬಿಸಿಯಾಗಿರಲಿಲ್ಲ, ಕೋಳಿಯ ತುಂಡಿನೊಳಗೆ ಮಂಜುಗಡ್ಡೆ ಸಿಕ್ಕಿತು. ನಾನು ಕುರ್ಚಿ ಹಿಂದೆ ಸರಿಸಿ, ಮೊಣಕೈ ಮುಖಕ್ಕೆ ಅಡ್ಡ ತಂದುಕೊಂಡು ಕೂತೆ. ಇವರು ಡಬ್ಬಿ ಪಕ್ಕಕ್ಕಿಟ್ಟು, ಕಾಗದ ತೆಗೆದು, ಕಂಪನಿಗೆ ದೂರು ಬರೆಯಲು ಕೂತರು. ಮಾನ್ಯರೇ, ತಮ್ಮಲ್ಲಿ ವಿನಂತಿ ಅಂತ ಶುರು. ತಣ್ಣಗಿನ ತುತ್ತು ಕೊಟ್ಟ ಕಂಪನಿಯವರು ಮಾನ್ಯರು, ನನಗೆ ಮಾತ್ರ ಪಾತ್ರೆಯ ಮುಚ್ಚಳ. ನಗು ಬಂತು, ಬಚ್ಚಲಿಗೆ ಹೋಗಿ ನಕ್ಕು ಬಂದೆ.

ಗುರುವಾರದ್ದನ್ನು ಸರಿಯಾಗಿ ಓದು. ಅವತ್ತು ಮೀನು ಮತ್ತು ಬಟಾಣಿ. ಪೂರ್ತಿ ಬಿಸಿಯಾಗಿತ್ತು. ಇವರು ಕೊನೆಯ ಬಟಾಣಿಯನ್ನೂ ಬಿಡದೆ ತಿಂದು, ಬಾಯಿ ಒರೆಸಿಕೊಂಡು, ಇವತ್ತಿಂದು ಪರವಾಗಿಲ್ಲ ಅಂದರು. ಹೊಟ್ಟೆ ತುಂಬಿತ್ತು, ರುಚಿಯಾಗಿತ್ತು, ತಮ್ಮ ಬಾಯಲ್ಲೇ ಒಪ್ಪಿಕೊಂಡರು. ನಾನು ಧೈರ್ಯದಿಂದ ಒಂದು ಸುದ್ದಿ ಹೇಳಿದೆ. ಇವರ ಹತ್ತಿರ ಕಾರು ಕಲಿಯುವ ಹೆಂಗಸೊಬ್ಬರು ಕನ್ನಡಕಕ್ಕೆ ಬಂದಿದ್ದರು. ಮೂರು ಸಲ ಗೋಡೆಗೆ ಗುದ್ದೋಕೆ ಹೋದೆ ಕಣ್ರೀ, ನಿಮ್ಮ ಯಜಮಾನರು ಒಂದು ಸಲಾನೂ ದನಿ ಏರಿಸಲಿಲ್ಲ, ಸಂತರ ತಾಳ್ಮೆ ಅಂತ ಹೊಗಳಿದ್ದರು. ಅದನ್ನೇ ಹೇಳಿದೆ.

ನೀನೇನಂದೆ ಅವಳಿಗೆ ಅಂತ ಕೇಳಿದರು. ಏನೂ ಅನ್ನಲಿಲ್ಲ ಅಂದೆ. ನಕ್ಕೆಯಾ ಅಂದರು. ಇಲ್ಲ ಅಂದೆ.

ಮೊದಲ ಏಟಿಗೆ ಕುರ್ಚಿಯ ಸಮೇತ ಬಿದ್ದೆ. ಏಳುವಷ್ಟರಲ್ಲಿ ಜಡೆ ಹಿಡಿದು ನನ್ನ ಮುಖವನ್ನು ಫ್ರಿಜ್ಜಿನ ಬಾಗಿಲಿಗೆ ಗುದ್ದಿದರು, ಏಳು ಚೌಕದ ಆ ಕಾಗದದ ಮೇಲೆಯೇ. ಮುಂದಿನ ಹಲ್ಲೊಂದು ಮುರಿದು ನಾಲಗೆಯ ಮೇಲೆ ಬಿತ್ತು. ಪಕ್ಕೆಗೆ ಎರಡು ಸಲ ಒದ್ದರು, ಮೂರನೇ ಸಲ ಬೂಟು ಹಾಕಿಕೊಂಡು ಬಂದು ಒದ್ದರು. ಹೌದು ಅಮ್ಮ, ನಡುವೆ ಹೋಗಿ ಬೂಟು ಹಾಕಿಕೊಂಡರು, ದಾರವನ್ನೂ ಕಟ್ಟಿದರು. ಮತ್ತೆ ಒದೆಯುತ್ತಾ ರೂಢಿಯ ಮಾತು ಶುರು ಮಾಡಿದರು: ಒಂದು ಊಟಕ್ಕೆ ಸರಿಯಾಗಿ ಉಪ್ಪು ಹಾಕೋ ಯೋಗ್ಯತೆ ಇಲ್ಲ ನಿಂಗೆ, ದಿನಾ ಇದೇ ಗೋಳು.

ಕಾರ್ಖಾನೆಯ ಉಪ್ಪು. ಒಂದೂಕಾಲು ಗ್ರಾಂ. ನಾನು ಮುಟ್ಟಿಯೂ ಇರಲಿಲ್ಲ.

ನೆಲದ ಮೇಲೆ ಬಿದ್ದಲ್ಲಿಯೇ ನಗು ಬಂತು ನನಗೆ. ಬಾಯಿ ತುಂಬ ರಕ್ತ ಇಟ್ಟುಕೊಂಡು ನಕ್ಕೆ. ಇದಕ್ಕೂ ಮಾನ್ಯರೇ ಅಂತ ಕಂಪನಿಗೆ ಬರೀರಿ ಅಂದೆ. ಕೊರಳು ಹಿಡಿಯಲು ಬಗ್ಗಿದರು. ಮೇಜಿನಿಂದ ಬಿದ್ದ ಫೋರ್ಕು ನನ್ನ ಕೈಗೆ ಸಿಕ್ಕಿತು. ಡಬ್ಬಿಯ ಹಾಳೆಗೆ ಚುಚ್ಚುವ ಹಾಗೆ ಅವರ ಬಲಗೈಯ ಹಿಂಭಾಗಕ್ಕೆ ಚುಚ್ಚಿದೆ, ಹಿಡಿ ಹಿಡಿದು ಒತ್ತಿದೆ, ಮೂಳೆ ತಾಗುವ ತನಕ. ಅವರು ಕೂಗಲಿಲ್ಲ. ಕೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಾ ಕೂತರು, ಆಮೇಲೆ ಅತ್ತರು. ಬಟ್ಟೆ ಹರಿದು ಕಟ್ಟು ಕಟ್ಟಿದವಳೂ ನಾನೇ.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಚುಚ್ಚಿದಾಗ ನನಗೆ ಸಂತೋಷವಾಯಿತು. ಕಿತ್ತು ಇನ್ನೊಂದು ಸಲ ಚುಚ್ಚಬೇಕು ಅನ್ನಿಸಿತು, ಈ ಸಲ ಕೈಗಲ್ಲ. ಕುತ್ತಿಗೆಯಲ್ಲಿ ನರ ಕುಣಿಯುವ ಜಾಗವನ್ನು ನೋಡಿಟ್ಟುಕೊಂಡೆ. ನಿನ್ನ ಮಗಳು ಚಿಕ್ಕಂದಿನಲ್ಲಿ ತಟ್ಟೆ ಎಸೆಯುತ್ತಿದ್ದಳು ಅಂತ ನಗುತ್ತಾ ಹೇಳಿಕೊಳ್ಳುತ್ತೀಯಲ್ಲ, ಇದು ಅದಲ್ಲ.

ಅವತ್ತೇ ಹೊರಟುಬಿಡಬಹುದಿತ್ತು. ಆದರೆ ನಿನ್ನ ದನಿ ಕಿವಿಯಲ್ಲಿ ಕೂತಿತ್ತು: ಉಪ್ಪಲ್ಲದಿದ್ದರೆ ಬಾಯಿ, ಊಟದ ಹೊತ್ತಲ್ಲಿ ಆ ಹೆಂಗಸಿನ ವಿಷಯ ಯಾಕೆ ತೆಗೆದೆ, ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಅಂತೀಯ ನೀನು. ಸರಿ, ಎರಡನೇ ಗಾಜನ್ನೂ ಬದಲಿಸಿ ನೋಡೋಣ ಅಂದುಕೊಂಡೆ. ಶುಕ್ರವಾರ, ಶನಿವಾರ ಹೂಂ, ಉಹೂಂ ಬಿಟ್ಟು ಒಂದು ಪದ ಆಡಲಿಲ್ಲ. ಅವರು ಕೈಗೆ ಕಟ್ಟು ಹಾಕಿಕೊಂಡು ಕೆಲಸಕ್ಕೆ ಹೋದರು, ಮೈಕ್ರೋವೇವಿನ ಗಾಜು ಒಡೆದು ತಾಗಿತು ಅಂತ ಎಲ್ಲರಿಗೂ ಹೇಳಿದರಂತೆ. ಸುಳ್ಳು ಹೇಳುವುದರಲ್ಲಿ ಇಬ್ಬರೂ ಒಂದೇ ಶಾಲೆಯವರು.

ಶನಿವಾರ ಮಧ್ಯಾಹ್ನ ನಾನು ಚಮಚ ತೆಗೆಯಲು ಡ್ರಾಯರಿಗೆ ಕೈ ಹಾಕಿದ್ದೆ. ಹಿಂದಿನಿಂದ ಬಂದು, ಏನು ಮೌನವ್ರತಾನಾ, ಯಾರ ಮೇಲೆ ಈ ಗತ್ತು ಅಂದ. ಕ್ಷಮಿಸು, ಇನ್ನು ಮೇಲೆ ಅವರು ಇವರು ಅಂತ ಬರೆಯಲು ನನ್ನಿಂದ ಆಗುವುದಿಲ್ಲ. ನಾನು ಉತ್ತರ ಕೊಡಲಿಲ್ಲ. ಸೊಂಟದಿಂದ ಡ್ರಾಯರನ್ನು ನೂಕಿ ನನ್ನ ಬೆರಳುಗಳನ್ನು ಅದರಲ್ಲಿ ಸಿಕ್ಕಿಸಿದ. ಬಾಯಿ ಬಿಡು ಅಂದ, ನಾನು ಬಿಡಲಿಲ್ಲ. ಮತ್ತೆ ತೆಗೆದು ಮತ್ತೆ ನೂಕಿದ. ಬೆರಳಿನೊಳಗೆ ಏನೋ ಲಟಕ್ಕೆಂದಿತು, ಕಣ್ಣು ಕತ್ತಲಿಟ್ಟಿತು, ಆದರೂ ಬಾಯಿ ಬಿಡಲಿಲ್ಲ. ಅವನಿಗೇ ಸಾಕಾಗಿ ಬಿಟ್ಟ. ಐದು ನಿಮಿಷದ ಮೇಲೆ ಸೋಫಾದಲ್ಲಿ ಕೂತು ಫೋನಿನಲ್ಲಿ ಯಾರಿಗೋ ಬ್ರೇಕಿನ ಮೇಲೆ ಕಾಲು ಹಗುರವಾಗಿಡಬೇಕಮ್ಮಾ, ಗಾಬರಿ ಬೇಡ ಅಂತ ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಿದ್ದ. ಅವನ ಕೈ ಎಲ್ಲಿ ನಿಲ್ಲಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತು, ಅಮ್ಮ. ದಿನಕ್ಕೆ ಎಂಟು ಗಂಟೆ ನಿಲ್ಲಿಸುತ್ತಾನೆ.

ಇವತ್ತು ಬೆಳಿಗ್ಗೆ ಅವನು ಪಾಠಕ್ಕೆ ಹೋದ ಮೇಲೆ ಒಂದು ಚೀಲ ತುಂಬಿಕೊಂಡು ಹೊರಟೆ. ಯಜಮಾನಿ ನನ್ನ ಮುಖ ನೋಡಿ ಏನೂ ಕೇಳದೆ ಅಂಗಡಿಯ ಮೇಲಿನ ಕೋಣೆಯ ಬೀಗದ ಕೈ ಕೊಟ್ಟರು, ಆಮೇಲೆ ಆಸ್ಪತ್ರೆಗೂ ಕರೆದುಕೊಂಡು ಹೋದರು. ಬೆರಳು ಎರಡೂ ಮುರಿದಿವೆ, ಪಕ್ಕೆಯ ಮೂಳೆ ಬಿರುಕು ಬಿಟ್ಟಿದೆ. ಪೊಲೀಸ್ ಸ್ಟೇಷನ್ನಿನಲ್ಲಿ ನನಗೆ ಬಿದ್ದ ಏಟನ್ನೂ ಹೇಳಿದೆ, ನಾನು ಚುಚ್ಚಿದ ಫೋರ್ಕಿನದ್ದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಪೊಲೀಸಮ್ಮ ಪೆನ್ನು ನಿಲ್ಲಿಸಿ, ಊಟಕ್ಕೆ ಏನಿತ್ತು ಅಂತ ಕೇಳಿದರು. ಬೇಕೆಂದೇ ಕೇಳಿದರೋ, ಬಾಯಿತಪ್ಪಿ ಬಂತೋ ತಿಳಿಯಲಿಲ್ಲ. ಮೀನು, ಬಟಾಣಿ ಅಂದೆ.

ಇಲ್ಲಿಗೆ ಬಂದು ಏಳನೇ ದಿನದ ಡಬ್ಬಿ ಬಿಸಿ ಮಾಡಿಕೊಂಡು ತಿಂದೆ, ಮುರಿದ ಹಲ್ಲು ತಾಗದ ಹಾಗೆ ಒಂದೇ ಬದಿಯಲ್ಲಿ ಅಗಿದು. ಹಟಕ್ಕೇ ತಿಂದೆ. ಪಂಥ ಗೆದ್ದೆ, ಎರಡೂವರೆ ಕಿಲೋ ಇಳಿದಿದ್ದೇನೆ, ಅದರಲ್ಲಿ ಹಲ್ಲಿನ ತೂಕವೂ ಸೇರಿದೆ ಅಂತ ಹುಡುಗಿಯರಿಗೆ ಹೇಳಿದೆ. ಅವರು ನಗಲಿಲ್ಲ.

ಈಗ ನನಗೆ ಬೇಕಾದದ್ದನ್ನು ನೇರವಾಗಿ ಕೇಳುತ್ತೇನೆ. ನಿನ್ನ ಬಾಗಿಲು ಬೇಡ. ನಾಳೆಯೋ ನಾಡಿದ್ದೋ ಅವನು ಕಟ್ಟು ಹಾಕಿದ ಕೈ ತೋರಿಸಿಕೊಂಡು, ಅಳುತ್ತಾ ನಿಮ್ಮ ಮನೆಗೆ ಬರುತ್ತಾನೆ. ಅಪ್ಪ ಅವನನ್ನು ಕೂರಿಸಿ ಮಾತಾಡಿಸುತ್ತಾರೆ, ನೀನು ಅವನಿಗೆ ಬಡಿಸುತ್ತೀಯ. ಬಡಿಸುವಾಗ ನನ್ನ ವಿಳಾಸ ಹೇಳಬೇಡ. ಅವನ ಜೊತೆ ನನ್ನನ್ನು ಮತ್ತೆ ಒಂದೇ ಅಡುಗೆಮನೆಯಲ್ಲಿ ನಿಲ್ಲಿಸಿದರೆ ನಮ್ಮಿಬ್ಬರಲ್ಲಿ ಒಬ್ಬರು ಸಾಯುತ್ತಾರೆ, ಅದು ನಾನೇ ಆಗಿರಬೇಕಾಗಿಲ್ಲ. ಇನ್ನೊಂದು ಬೇಡಿಕೆ. ದರ್ಜಿ ಅಕ್ಕ ನಿನ್ನ ಉತ್ತರಕ್ಕೆ ಕಾಯುತ್ತಾರೆ. ಉದ್ದ ಬರೆಯಬೇಡ, ಬುದ್ಧಿ ಹೇಳಬೇಡ. ತಪ್ಪು ನಿನ್ನದಲ್ಲ ಅಂತ ಒಂದು ಸಾಲು ನಿನ್ನ ಕೈಯಾರೆ ಬರೆದು ಕಳಿಸು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಉಪ್ಪಿನದು ಏನೆಂದು ನೋಡಿ ಮುಗಿಸಿದೆ, ಇನ್ನು ನಿನ್ನದೊಂದೇ ಉಳಿದಿರುವುದು.

ಇಂತಿ,
ನಿನ್ನ ಮುಂಗೋಪಿ

ತಾ.ಕ.: ನಿನ್ನ ಎಡಗಿವಿ ಬಾಣಂತಿತನದ ಜ್ವರಕ್ಕೆ ಹೋಯಿತು ಅಂತ ಎಲ್ಲರಿಗೂ ಹೇಳುತ್ತೀಯ. ನನಗಾಗ ಆರು ವರ್ಷ, ತಮ್ಮ ಹುಟ್ಟಿ ವಾರವಾಗಿತ್ತು, ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದೆ. ಅಪ್ಪ ಉಪ್ಪಿನ ಮಾತೇ ಎತ್ತಿ ಹೊಡೆಯುತ್ತಿದ್ದರು. ಅವತ್ತು ನೀನು ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ, ಅಮ್ಮ. ನಾವೆಲ್ಲ ಉಂಡದ್ದು ದೊಡ್ಡಮ್ಮನ ಮನೆಯಿಂದ ಬಂದ ಊಟ.