ದೊರೆಯ ಕೊನೆಯ ಪ್ರಶ್ನೆ

ಹೊಸಕೋಟೆ, ೮ ಮಾರ್ಚ್ ೧೯೪೩, ಸೋಮವಾರ

ಆ ಬಿಳಿ ದೊರೆ ಕೊನೆಗೆ ಕೇಳಿದ್ದೇನು? ಮಿಲಿಟರಿ ಗುಮಾಸ್ತೆ ಕೆಲಸದ ಇಂಗ್ಲಿಷ್ ಪರೀಕ್ಷೆಗೆ ಪಾಠ ಹೇಳಿಕೊಟ್ಟ ಇಮಾಮ್ ಸಾಬರು, “ತಿಳೀದಿದ್ರೆ ತಡವರಿಸ್ಬೇಡ, ಜೋರಾಗಿ ಎಸ್ ಸರ್ ಅಂದ್ಬಿಡು” ಎಂದಿದ್ದರು. ಹಾಗೇ ಅಂದೆ. ಜೊತೆಗೆ ಬಂದಿದ್ದ ಪಿಳ್ಳಪ್ಪ ಅದೇ ಪ್ರಶ್ನೆಗೆ ಹೆದರಿ ‘ನೋ ಸರ್’ ಅಂದನಂತೆ. ಅವನನ್ನು ಮನೆಗೆ ಕಳಿಸಿಬಿಟ್ಟರು. ದೊರೆ ಎದ್ದು ನಿಂತು ನನ್ನ ಕೈಕುಲುಕಿದ. ಗುರುವಾರ ಹಾಸಿಗೆ ಸಮೇತ ಬರಬೇಕಂತೆ.

ಆ ಉದ್ದದ ಪ್ರಶ್ನೆಯಲ್ಲಿ ನನ್ನ ಕಿವಿಗೆ ಸಿಕ್ಕಿದ್ದು ‘ಬರ್ಮಾ’ ಒಂದೇ. ಯುದ್ಧ ನಡೆಯುತ್ತಿರುವ ಬರ್ಮಾ.

ಸಂಜೆ ಸಾಬರಿಗೆ ಹೇಳಿದೆ. ಶಹಬ್ಬಾಸ್ ಅನ್ನಲಿಲ್ಲ. ಗಡ್ಡ ನೀವಿಕೊಳ್ಳುತ್ತಾ, “ನಿಮ್ಮಮ್ಮಂಗೆ ನೀನೊಬ್ನೇ ಅಲ್ವೇನಪ್ಪಾ?” ಎಂದರು.

ಕೆಲಸ ಸಿಕ್ಕಿತೆಂದು ಅಮ್ಮ ಪಾಯಸ ಮಾಡಿದ್ದಳು. ಬಡಿಸುತ್ತಾ, “ಕೆಲ್ಸ ಬೆಂಗ್ಳೂರಲ್ಲೇ ತಾನೆ?” ಎಂದಳು.

ಅವಳಿಗೂ ಜೋರಾಗಿ ಹೂಂ ಅಂದೆ.