ಮೂರನೇ ಕೋಣೆ

ಬೆಂಗಳೂರು
ಭಾನುವಾರ, ೩೧ ಆಗಸ್ಟ್ ೨೦೨೫

ಪ್ರೀತಿಯ ಮಂಗಳಕ್ಕನಿಗೆ,

ನಿನ್ನ ತಂಗಿ ರೂಪಾಳ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಫೋನ್ ಇಟ್ಟುಕೊಂಡು ಇವಳಿಗೆ ಕಾಗದ ಬರೆಯುವ ಶೋಕಿ ಯಾಕೆ ಬಂತು ಎಂದು ನೀನು ನಗುತ್ತೀಯ. ಫೋನ್ ಮಾಡಿದರೆ ನೀನು ಮೊದಲು "ಊಟ ಆಯ್ತೇನೇ?" ಅನ್ನುತ್ತೀಯ. ಅಲ್ಲಿಗೆ ನನ್ನ ಧೈರ್ಯವೆಲ್ಲ ಮುಗಿಯುತ್ತದೆ. ಹಬ್ಬದಿಂದೀಚೆಗೆ ಹಾಗೇ ಆಗುತ್ತಿದೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಂಪನಾ ನಮ್ಮ ಮನೆಯಲ್ಲಿದ್ದು ಓದುವುದು ಆಗುವುದಿಲ್ಲ ಅಕ್ಕ. ಬೈಯಬೇಡ ಅನ್ನುವುದಿಲ್ಲ. ಪೂರ್ತಿ ಓದಿ ಆಮೇಲೆ ಬೈಯಿ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಗುಬ್ಬಿಗೆ ಬಂದಿದ್ದೆನಲ್ಲ, ಅವತ್ತು ಊಟಕ್ಕೆ ಕೂತಾಗ ಕುಣಿಗಲ್ಲಿನ ಶಿವರಾಮಯ್ಯ ಚಿಕ್ಕಪ್ಪ, ನಿನ್ನ ಮಗಳಿಗೆ ಬೆಂಗಳೂರಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆಯಂತೆ, ಇರುವುದೆಲ್ಲಿ ಎಂದು ಕೇಳಿದರು. ನೀನು ಒಬ್ಬಟ್ಟಿಗೆ ತುಪ್ಪ ಬಡಿಸುತ್ತಲೇ, "ಎಲ್ಲಿ ಅಂದ್ರೆ? ಅವ್ಳ ಚಿಕ್ಕಮ್ಮ ಇಲ್ವಾ? ಮೂರು ರೂಮಿನ ಮನೆ, ಗಂಡ ಹೆಂಡ್ತಿ ಇಬ್ರಿಗೂ ಲಕ್ಷಗಟ್ಲೆ ಸಂಬ್ಳ. ನಮ್ ಹುಡ್ಗಿ ಒಂದು ಮೂಲೇಲಿ ಬಿದ್ಕೊಂಡಿರ್ತಾಳೆ ಬುಡು" ಎಂದೆ. ನನ್ನನ್ನು ಕೇಳಲಿಲ್ಲ. ಒಡಹುಟ್ಟಿದವರ ಮನೆಯಲ್ಲಿ ಮಕ್ಕಳನ್ನು ಇರಿಸಲು ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಿ ತುಂಬ ಒಬ್ಬಟ್ಟಿತ್ತು, ತಲೆಯಾಡಿಸಿದೆ. ಚಿಕ್ಕಪ್ಪ ಕೈ ತೊಳೆದು ಬಂದವರೇ ತಟ್ಟೆಯಿಂದ ಎಲೆ ಅಡಿಕೆ ತೆಗೆದು, ಮದುವೆ ಗೊತ್ತು ಮಾಡುವವರ ಹಾಗೆ ನನ್ನ ಕೈಗಿಟ್ಟು, "ಎಲೆ ಅಡ್ಕೆ ಹಿಡ್ಕೊಂಡೆ ಕಣವ್ವ, ಇನ್ನು ಮಾತು ಮುಗೀತು" ಎಂದರು. ನಾನು ಅದನ್ನು ಹಿಡಿದುಕೊಂಡೆ.

ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಗುರುವಾರ ಭಾವ ಬೆಂಗಳೂರಿಗೆ ಬಂದು, ಕಷ್ಟಪಟ್ಟು ಹಿಡಿದಿಟ್ಟಿದ್ದ ಹಾಸ್ಟೆಲ್ ಸೀಟನ್ನು ಬೇಡವೆಂದು ಬಿಟ್ಟುಕೊಟ್ಟು ಹೋದರು. ಕೇಳಿದ ತಕ್ಷಣ ಆ ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ಅದು ಅವತ್ತೇ ಬೇರೆ ಹುಡುಗಿಗೆ ಹೋಗಿದೆಯಂತೆ, ಮತ್ತೊಂದು ಇಲ್ಲ. ಇರಲು ಜಾಗವಿಲ್ಲದಿದ್ದರೆ "ತುಮಕೂರಲ್ಲೇ ಯಾವ್ದಾದ್ರೂ ಡಿಗ್ರಿ ಸೇರ್ಕೊಳ್ಲಿ" ಎಂದು ಭಾವ ಹಿಂದೆಯೇ ಹೇಳಿದ್ದರು. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಡ್ಯೂಟಿ ಇರುವವಳು ಗುಬ್ಬಿಯಿಂದ ರೈಲಿನಲ್ಲಿ ಓಡಾಡಲಾಗುವುದಿಲ್ಲ. ನನ್ನ ಒಂದು ತಲೆಯಾಟಕ್ಕೆ ಇಂಪನಾಳ ನರ್ಸಿಂಗ್ ಸೀಟೇ ಹೋಗುತ್ತಿದೆ.

ನಮ್ಮ ಮನೆಯಲ್ಲಿ ಯಾಕೆ ಆಗುವುದಿಲ್ಲ ಎಂದರೆ, ಮೂರನೇ ಕೋಣೆಯ ಗೋಡೆಗೆ ನೀರು ಇಳಿಯುತ್ತಿದೆ. ರಿಪೇರಿ ಆಗಬೇಕು. ಆಮೇಲೆ ಹೆಬ್ಬೂರಿನಿಂದ ನಮ್ಮತ್ತೆ ಮಂಡಿನೋವಿಗೆ ತೋರಿಸಿಕೊಳ್ಳಲು ಬರುವವರಿದ್ದಾರೆ. ಪ್ರಣವ್‌ಗೂ ಈ ವರ್ಷ ಹತ್ತನೇ ಕ್ಲಾಸು. ಇಷ್ಟೆಲ್ಲ ಇದೆ.

ಸಂಬಳ ದೊಡ್ಡದೇ ಅಕ್ಕ, ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಔಷಧಿ ಕಂಪನಿಯಲ್ಲಿ ನಾನು ಮ್ಯಾನೇಜರು, ಇವರು ಬ್ಯಾಂಕಿನಲ್ಲಿ ನನಗಿಂತ ಮೇಲೆ. ಆದರೆ ಆ ದುಡ್ಡು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಮಾತಾಡಿಸಿ ಹೊರಟುಹೋಗುವ ನೆಂಟರ ಹಾಗೆ. ಮನೆಯ ಸಾಲ, ಕಾರಿನ ಸಾಲ, ಪ್ರಣವ್‌ನ ಶಾಲೆ, ಟ್ಯಾಂಕರ್ ನೀರು, ಮೇಂಟೆನೆನ್ಸ್. ಕಾರು ಮಾರೇ, ಶಾಲೆ ಬದಲಾಯಿಸೇ ಅನ್ನುತ್ತೀಯ. ಅದನ್ನೂ ಜಗಳವಾಡಿಕೊಂಡು ನೋಡಿದ್ದೇವೆ. ಒಂದೊಂದೂ ನಾವೇ ಆಸೆಪಟ್ಟು ಹೊತ್ತುಕೊಂಡದ್ದು, ಯಾರನ್ನು ದೂರಲಿ? ಒಂದು ವಿಚಿತ್ರ ಹೇಳುತ್ತೇನೆ ಕೇಳು. ಊರಿಗೆ ಬರುವಾಗ ನೆಲಮಂಗಲದ ಟೋಲ್ ದಾಟುತ್ತಿದ್ದಂತೆ ನಾನು ಶ್ರೀಮಂತೆ ಆಗಿಬಿಡುತ್ತೇನೆ. ತುಮಕೂರಿನಲ್ಲಿ ಇಳಿದು ನಿನಗೊಂದು ಸೀರೆ, ಮಕ್ಕಳಿಗೆ ಸ್ವೀಟು, ಎಲ್ಲಕ್ಕೂ ಧಾರಾಳ. ನೀವೆಲ್ಲ ನೋಡುವುದು ಆ ರೂಪಾಳನ್ನೇ. ವಾಪಸ್ಸು ಬರುವಾಗ ಅದೇ ಟೋಲಿನಲ್ಲಿ ಅವಳು ಇಳಿದುಹೋಗುತ್ತಾಳೆ.

ನನ್ನನ್ನು ಸುಡುತ್ತಿರುವುದು ಅದೂ ಅಲ್ಲ. ತುಮಕೂರಿನ ಬಟವಾಡಿಯ ಆ ಬಾಡಿಗೆ ಮನೆ ಕಣ್ಣ ಮುಂದೆ ಬರುತ್ತದೆ. ನಿನ್ನ ಮದುವೆಯಾದ ಹೊಸದು. ಭಾವ ಮಂಡಿಯಲ್ಲಿ ಗುಮಾಸ್ತರು, ಇದ್ದದ್ದು ಒಂದು ರೂಮು, ಒಂದು ಅಡುಗೆಮನೆ. ನಿನ್ನ ಅತ್ತೆ, ನಾದಿನಿ, ಸಾಲದ್ದಕ್ಕೆ ತುಮಕೂರಿನಲ್ಲಿ ಡಿಗ್ರಿ ಓದುತ್ತೇನೆಂದು ಟ್ರಂಕು ಹೊತ್ತು ಬಂದ ನಾನು. ಒಲೆಯ ಪಕ್ಕ ಹಾಸಿಗೆ ಹಾಸಿಕೊಟ್ಟೆ. ನಾನು ಕಾಲೇಜಿಗೆ ಹೊರಡುವುದು ತಡವಾಗಬಾರದೆಂದು ಭಾವ ಚಳಿಗಾಲದಲ್ಲೂ ಹೊರಗೆ ನಲ್ಲಿಯ ಹತ್ತಿರ ಸ್ನಾನ ಮಾಡುತ್ತಿದ್ದರು. ಒಂದು ದಿನವೂ ಯಾರೂ ಜಾಗವಿಲ್ಲ ಅನ್ನಲಿಲ್ಲ. ನನ್ನ ಈ ಕೆಲಸ, ಈ ಸಂಬಳ ಎಲ್ಲ ಆ ಅಡುಗೆಮನೆಯಲ್ಲಿ ಮಲಗಿ ಸಂಪಾದಿಸಿದ್ದು. ಇದನ್ನು ನೀನು ಯಾವತ್ತೂ ಎತ್ತಿ ಆಡಿಲ್ಲ. ಆಡಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಜಗಳ ತೆಗೆಯಬಹುದಿತ್ತು.

ಮೊನ್ನೆ ಶುಕ್ರವಾರ ಇಂಪನಾ ಫೋನ್ ಮಾಡಿದ್ದಳು. ರೂಮಿನ ಕಿಟಕಿ ಯಾವ ಕಡೆಗಿದೆ ಎಂದು ಕೇಳಿದಳು. "ಚಿಕ್ಕಮ್ಮ, ಬೆಳಿಗ್ಗೆ ನೀನು ಏಳ್ಬೇಡ, ತಿಂಡಿ ನಾನೇ ಮಾಡ್ತೀನಿ, ಉಪ್ಪಿಟ್ಟು ಕಲ್ತಿದೀನಿ ಕಣೇ" ಎಂದಳು. ಕಿಟಕಿ ಪೂರ್ವಕ್ಕಿದೆ, ಬಿಸಿಲು ಚೆನ್ನಾಗಿ ಬರುತ್ತದೆ ಎಂದು ಹೇಳಿ ಫೋನ್ ಇಟ್ಟೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವಳಿಗೆ ನೀನೇ ಹೇಳು ಅಕ್ಕ. ನನ್ನ ಕೈಲಾಗುವುದಿಲ್ಲ. ಹೇಗೆ ಹೇಳುತ್ತೀಯೋ ಹೇಳು, ಚಿಕ್ಕಮ್ಮ ಬದಲಾಗಿದ್ದಾಳೆ ಎಂದು ಬೇಕಾದರೂ ಹೇಳು. ಬೇರೆ ಹಾಸ್ಟೆಲ್ಲುಗಳಲ್ಲೂ ವಿಚಾರಿಸುತ್ತಿದ್ದೇನೆ. ಎಲ್ಲ ಕಡೆಯೂ ಬರುವ ವರ್ಷ ಬನ್ನಿ ಅನ್ನುತ್ತಾರೆ. ಭಾವನಿಗೆ ಈ ಕಾಗದ ತೋರಿಸಬೇಡ.

ನಿನ್ನ ಕೈತುತ್ತು ತಿಂದು ಬೆಳೆದ,
ರೂಪಶ್ರೀ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡದ್ದು. ಗೋಡೆಗೆ ನೀರು ಇಳಿಯುತ್ತಿಲ್ಲ, ಅತ್ತೆಯೂ ಬರುತ್ತಿಲ್ಲ. ಯುಗಾದಿಗೆ ನೀನು ಇಲ್ಲಿಗೆ ಬಂದಾಗ ಆ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳಲ್ಲ, ನಮ್ಮ ಆಫೀಸಿನವಳು, ಎರಡು ವಾರ ಇದ್ದು ಹೋಗುತ್ತಾಳೆ ಎಂದಿದ್ದೆ. ನೀನು ಅವಳಿಗೂ ಕೋಡುಬಳೆ ಕಟ್ಟಿಕೊಟ್ಟೆ. ಅವಳು ನಮ್ಮ ಪೇಯಿಂಗ್ ಗೆಸ್ಟ್ ಅಕ್ಕ, ಬಂದು ಎರಡು ವರ್ಷವಾಯಿತು. ಪ್ರಣವ್‌ನ ಶಾಲೆಯ ಫೀಸು ನಡೆಯುವುದು ಅವಳ ಬಾಡಿಗೆಯಿಂದ. ಅವಳನ್ನು ಬಿಡಿಸಿ ಇಂಪನಾಳನ್ನು ಕರೆಸಿಕೊಳ್ಳೋಣ, ಹೇಗೋ ಆಗುತ್ತದೆ ಎಂದು ಇವರೇ ಹೇಳಿದರು. ಬೇಡ ಎಂದವಳು ನಾನು. ಇಂಪನಾ ಬಂದು ಎರಡು ತಿಂಗಳಾಗುವಷ್ಟರಲ್ಲಿ ನಾನು ಭಾವನ ಹತ್ತಿರ ಬಾಡಿಗೆ ಕೇಳುತ್ತೇನೆ, ನನಗೆ ಗೊತ್ತು. ಎಷ್ಟು ಕೇಳಬೇಕು ಎಂದು ಗುಬ್ಬಿಯಿಂದ ವಾಪಸ್ಸು ಬರುತ್ತಾ ಕಾರಿನಲ್ಲೇ ಯೋಚಿಸಿದ್ದೆ. ನಮ್ಮ ಹುಡುಗಿಯಲ್ಲವೇ ಎಂದು ಆಮೇಲೆ ಸ್ವಲ್ಪ ಕಡಿಮೆ ಮಾಡಿದೆ.