ತಂಗಿಯ ಊರುಗೋಲಿನ ಹಿಡಿ

ಮಾರ್ಚ್ ೧೪, ಶನಿವಾರ.

ನಾಳೆ ತಂಗಿ ಬರುತ್ತಾಳೆ, ಅವಳ ಊರುಗೋಲಿನ ಹಿಡಿ ಇನ್ನೂ ಗಟ್ಟಿಯಾಗಿ ಕೂತಿಲ್ಲ ಎಂಬುದೇ ಬೆಳಗಿನಿಂದ ತಲೆ ಕೊರೆಯುತ್ತಿತ್ತು. ಮೊಮ್ಮಗಳ ಲೇತ್ ಯಂತ್ರದಲ್ಲಿ ಕೋಲು ಕಡೆದವಳು ನಾನೇ, ಈ ವಯಸ್ಸಿನಲ್ಲಿ! ಮೇಲಿನ ಟೊಳ್ಳು ಹಿತ್ತಾಳೆ ಹಿಡಿಯನ್ನು ಮಾತ್ರ ಅಂಟಿಸಬೇಕು. ಮಂಡಿ ಆಪರೇಶನ್ ಆದವಳು ಭಾರ ಹಾಕಿದಾಗ ಅದು ಕಳಚಿಕೊಂಡರೆ ಅವಳ ಗತಿ?

ಮಗ ಕ್ಷಣದಲ್ಲಿ ಹಿಡಿಯುವ ಅಂಟು ತಂದು ಹಚ್ಚಿದ. "ಆನೆ ಜೋತುಬಿದ್ರೂ ಬಿಡಲ್ಲಮ್ಮ" ಎಂದ. ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದೆ. ಹಿಡಿ ಹಾರಿ ಬೀರುವಿನ ಕೆಳಗೆ ಹೋಯಿತು.

"ನಿನ್ನ ಆನೆ ಓಡಿಹೋಯ್ತಲ್ಲೋ!"

ಮೊಮ್ಮಗಳು ಹಿಡಿಯೊಳಗೆ ಇಣುಕಿ ನಕ್ಕಳು. "ಅಜ್ಜೀ, ಒಳಗೂ ತಿಕ್ಕಿ ಫಳಫಳ ಅನ್ನಿಸಿದ್ದೀಯಲ್ಲ! ಇಷ್ಟು ನುಣುಪಾದ್ರೆ ಅಂಟು ಎಲ್ಲಿ ಕಚ್ಚಿಕೊಳ್ಳುತ್ತೆ?"

"ಒಳಗೊಂದು ಹೊರಗೊಂದು ನನಗೆ ಬರಲ್ಲ ಕಣೇ."

ಹಿಡಿಯ ಒಳಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ, ಜಿಡ್ಡು ಒರೆಸಿ, ಎರಡು ಟ್ಯೂಬಿನ ಅಂಟನ್ನು ಸಮಸಮ ಕಲಸಿ ತುಂಬಿ, ಕೋಲಿನ ತುದಿಗೆ ಕೂರಿಸಿದೆವು. ಇದು ನಿಧಾನದ್ದು. "ಬೆಳಗಾಗೋದ್ರೊಳಗೆ ಮುಟ್ಟಿದ್ರೆ ನಿನ್ನ ಕೈ ಕಟ್ಟಿಹಾಕ್ತೀನಿ" ಎಂದು ಹೇಳಿ ಮೊಮ್ಮಗಳು ಮಲಗಿದಳು.

ಕೋಲನ್ನು ಮುಟ್ಟಲಿಲ್ಲ. ಅಂಟು ಕಲಸಿದ ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಉಳಿದಿತ್ತು, ಅದನ್ನು ಈಗ ಉಗುರಿನಿಂದ ಒತ್ತಿದೆ. ಸಂಜೆ ಜೇನಿನಂತಿದ್ದದ್ದು ಕಲ್ಲಾಗಿದೆ! ಉಗುರು ಇಳಿಯಲೇ ಇಲ್ಲ. ಹಾಗಾದರೆ ಹಿಡಿಯೊಳಗಿನದೂ ಕಲ್ಲೇ. ತಂಗಿಯ ಕೈಗೆ ಕೊಡುವ ಮೊದಲು ನಾನೇ ಅದರ ಮೇಲೆ ಪೂರಾ ಭಾರ ಹಾಕಿ ನಿಲ್ಲುತ್ತೇನೆ. ಬಿದ್ದರೆ ನಾನು ಬೀಳಲಿ, ಆದರೆ ಬೀಳುವುದಿಲ್ಲ. ಕಣ್ಣು ಎಳೆಯುತ್ತಿದೆ, ಮನಸ್ಸು ಮಾತ್ರ ಆಗಲೇ ಕೋಲು ಹಿಡಿದು ಅಂಗಳದಲ್ಲಿ…